ನಮ್ಮ ನಂತರ ಅವನಿಗೆ ಯಾರು?

ಇವತ್ತು ರಾಜಕೀಯ ಬೇಡ. ಯಾವ ನಾಯಕರು ಯಾರ ಮನೆಗೆ ಊಟಕ್ಕೆ ಹೋದ್ರು, ಯಾರ ಕುರ್ಚಿ ಅಲ್ಲಾಡ್ತಿದೆ, ಅದನ್ನೆಲ್ಲ ಬೆಳಗ್ಗೆಯಿಂದ ನೋಡಿದ್ದೀರಿ. ಇವತ್ತು ನಾನೊಂದು ಸಾಲ ತೀರಿಸಬೇಕು. ಒಬ್ಬ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬ್ರೇಕ್ ತಗೊಂಡುಬಿಟ್ಟಿದ್ದೆ. ಆ ಸಾಲ.

ಮೂರು ವಾರದ ಹಿಂದಿನ ಮಾತು. ಶಾಲಾ ಪ್ರವೇಶದ ಬಗ್ಗೆ ಫೋನ್ ಇನ್ ಕಾರ್ಯಕ್ರಮ ನಡೀತಿತ್ತು. ಹಾಸನದ ಕಡೆಯಿಂದ ಒಬ್ಬ ಹೆಣ್ಣುಮಗಳು ಲೈನಿಗೆ ಬಂದ್ರು. ಮಗನಿಗೆ 17 ವರ್ಷ, ಆಟಿಸಂ. ಯಾವ ಶಾಲೆಯ ವಿಷಯವನ್ನೂ ಅವರು ಕೇಳಲಿಲ್ಲ. "ಸರ್, ನಂಗೆ ಶುಗರ್ ಇದೆ. ಯಜಮಾನ್ರು ತೀರಿಹೋಗಿ ನಾಲ್ಕು ವರ್ಷ ಆಯ್ತು. ನಾನು ಹೋದ್ಮೇಲೆ ಇವನನ್ನ ಯಾರು ನೋಡ್ಕೋತಾರೆ? ದೇವರ ಹತ್ರ ಒಂದೇ ಕೇಳ್ಕೊಳ್ಳೋದು ನಾನು. ಅವನಿಗಿಂತ ಒಂದೇ ಒಂದು ದಿನ ಜಾಸ್ತಿ ನನ್ನ ಬದುಕಿಸಪ್ಪ ಅಂತ" ಅಂದ್ರು.

ಸ್ಟುಡಿಯೋದಲ್ಲಿ ಯಾರೂ ಮಾತಾಡಲಿಲ್ಲ. ನಾನು ಏನು ಹೇಳಿದೆ ಗೊತ್ತಾ? "ಧೈರ್ಯವಾಗಿರಿ ಅಮ್ಮ, ನಿಮ್ಮ ಜೊತೆ ನಾವಿದ್ದೀವಿ. ಈಗೊಂದು ಸಣ್ಣ ವಿರಾಮ." ನಾವಿದ್ದೀವಿ! ಯಾರು ಸ್ವಾಮಿ ಆ ನಾವು? ಬ್ರೇಕಿನಲ್ಲಿ ಸೀರೆ ಅಂಗಡಿ ಜಾಹೀರಾತು ಬಂತು. ಮತ್ತೆ ಬಂದಾಗ ಬೇರೆ ಕರೆ, ಬೇರೆ ವಿಷಯ.

ಆ ರಾತ್ರಿ ನಿದ್ದೆ ಬರಲಿಲ್ಲ. ಆ ತಾಯಿಯ ಮಾತು ಒಂದು ಕಾರಣ. ಇನ್ನೊಂದು ಕಾರಣ ನನ್ನ ಮನೆಯದೇ. ಅದನ್ನು ಇಷ್ಟು ವರ್ಷ ಎಲ್ಲೂ ಹೇಳಿಲ್ಲ. ಇವತ್ತು ಹೇಳ್ತೀನಿ.

ನನ್ನ ಸೋದರಮಾವನಿಗೆ ನಾಲ್ಕು ಮಕ್ಕಳು. ಮೂರನೆಯವನಿಗೆ ಹುಟ್ಟಿನಿಂದ ಬೌದ್ಧಿಕ ನ್ಯೂನತೆ. ನನಗಿಂತ ಎರಡು ವರ್ಷ ದೊಡ್ಡವನು. ಬೇಸಿಗೆ ರಜೆಯಲ್ಲಿ ಅಜ್ಜಿ ಊರಿಗೆ ಹೋದರೆ ನಮಗೆಲ್ಲ ಮಾವಿನಕಾಯಿ ಕೊಯ್ದು ಕೊಡ್ತಿದ್ದವನು ಅವನೇ. ಮಾತು ಕಡಿಮೆ, ನಗು ಜಾಸ್ತಿ. ಅತ್ತೆ ಅವನನ್ನು ಕಣ್ಣಿನ ರೆಪ್ಪೆ ಹಾಗೆ ನೋಡ್ಕೊಂಡ್ರು. ಊರವರೆಲ್ಲ "ದೇವರ ಮಗು" ಅಂತಿದ್ರು. ಶಾಲೆಗೆ ಕಳಿಸಲಿಲ್ಲ. ಕಳಿಸಿದ್ದು ಎರಡೇ ತಿಂಗಳು. ಮೇಷ್ಟ್ರು "ಇವನ ಕೈಲಿ ಆಗಲ್ಲ ಬಿಡಿ" ಅಂದ್ರು, ಇವರೂ ಬಿಟ್ರು.

ಮಾವ ಹೋದ್ರು. ಎರಡು ವರ್ಷಕ್ಕೆ ಅತ್ತೆಯೂ ಹೋದ್ರು. ವೈಕುಂಠ ಸಮಾರಾಧನೆ ಮುಗಿದ ತಿಂಗಳಿಗೇ ಆಸ್ತಿ ಮಾತು ಶುರುವಾಯ್ತು. ಅವನ ಪಾಲು ಬೇರೆ ಮಾಡಿದ್ರೆ ಯಾರು ನೋಡ್ಕೋತಾರೆ, ನಾವೇ ತಾನೆ ಅನ್ನ ಹಾಕೋದು, ನಮ್ಮ ಹೆಸರಿಗೇ ಇರಲಿ ಅಂತ ಅಣ್ಣಂದಿರು ಅಂದ್ರು. ಒಂದು ಹಕ್ಕು ಬಿಡುಗಡೆ ಪತ್ರ ಬರೆಸಿದ್ರು. ಇವನ ಎಡಗೈ ಹಿಡಿದು ಹೆಬ್ಬೆಟ್ಟು ಒತ್ತಿಸಿದ್ರು. ಬೆರಳಿಗೆ ಶಾಯಿ ಹತ್ತಿದ್ದು ನೋಡಿ ಅವನು ನಕ್ಕ. ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಪತ್ರಕ್ಕೆ ಇಬ್ಬರು ಸಾಕ್ಷಿಗಳು. ಅದರಲ್ಲಿ ಒಬ್ಬ ನಾನು.

ಹೌದು, ನಾನೇ. ಆಗಷ್ಟೇ ಪತ್ರಿಕೆಗೆ ವರದಿಗಾರನಾಗಿ ಸೇರಿದ್ದೆ. "ನೀನು ಓದಿದವನು, ಒಂದು ಸೈನ್ ಹಾಕಪ್ಪ" ಅಂದ್ರು. ಹಾಕಿದೆ. ಊಟ ಮಾಡಿ ಬಸ್ ಹತ್ತಿದೆ.

ಆಮೇಲೆ ಏನಾಯ್ತು ಅಂತ ನೀವೇ ಊಹಿಸಬಹುದು. ನಾಲ್ಕು ತಿಂಗಳು ಒಬ್ಬ ಅಣ್ಣನ ಮನೆ, ನಾಲ್ಕು ತಿಂಗಳು ಇನ್ನೊಬ್ಬನ ಮನೆ. ಕೊನೆಗೆ ಎರಡೂ ಮನೆಯ ಬಾಗಿಲು ಮುಚ್ಚಿತು. ಇವತ್ತು ಅವನು ತಂಗಿಯ ಮನೆಯಲ್ಲಿದ್ದಾನೆ. ಆಕೆಗೂ ಪಾಲು ಕೊಟ್ಟಿರಲಿಲ್ಲ. ಎರಡು ಕೋಣೆಯ ಬಾಡಿಗೆ ಮನೆ. ಹೊಲಿಗೆ ಮಷೀನಿನ ಮೇಲೆ ಅವಳ ಸಂಸಾರ ನಡೀಬೇಕು, ಅವನ ಮಾತ್ರೆಯೂ ಬರಬೇಕು.

ಆಗ ಕಾನೂನು ಇರಲಿಲ್ಲ ಅಂತ ಹೇಳಿ ನಾನು ತಪ್ಪಿಸಿಕೊಳ್ಳೋ ಹಾಗಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಿದ್ದು 1956ರಲ್ಲಿ. ಕಾಯಿಲೆ ಇದೆ, ಊನ ಇದೆ ಅನ್ನೋ ಕಾರಣಕ್ಕೆ ಯಾರಿಗೂ ಆಸ್ತಿ ಹಕ್ಕು ತಪ್ಪಿಸೋ ಹಾಗಿಲ್ಲ ಅಂತ ಅದರ 28ನೇ ಸೆಕ್ಷನ್ ಹೇಳುತ್ತೆ. ಏನು ಬರೆದಿದೆ ಅಂತ ಅರ್ಥವೇ ಆಗದವನಿಂದ ಬರೆಸಿಕೊಂಡ ಪತ್ರ ಕಾನೂನಿನ ಮುಂದೆ ನಿಲ್ಲೋದಿಲ್ಲ. ಆದರೆ ಅದನ್ನು ಪ್ರಶ್ನೆ ಮಾಡೋಕೆ ಯಾರಾದರೂ ಬೇಕಲ್ಲ? ಅವನ ಪರವಾಗಿ ಮಾತಾಡಬೇಕಾದವರು ಇಬ್ಬರೂ ಸ್ಮಶಾನ ಸೇರಿದ್ರು. ಓದಿದವನು ಸಾಕ್ಷಿ ಹಾಕಿದ್ದ.

ಅದಕ್ಕೇ ಇವತ್ತು ವಿಶೇಷ ಅಗತ್ಯವುಳ್ಳ ಮಕ್ಕಳ ತಂದೆತಾಯಿಗೆ ನಾನು ಒಂದೇ ಮಾತು ಹೇಳೋಕೆ ಬಂದಿರೋದು. ನಿಮ್ಮ ಪ್ರೀತಿ ನಿಮ್ಮ ಜೊತೆಗೇ ಹೋಗುತ್ತೆ. ನೀವು ಮಾಡಿಟ್ಟ ಕಾಗದಪತ್ರ ಉಳಿಯುತ್ತೆ. ಅದನ್ನ ಇವತ್ತೇ ಮಾಡಿಡಿ.

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ವಿಕಲಚೇತನರ ಸಂಖ್ಯೆ 13 ಲಕ್ಷದ 24 ಸಾವಿರ. ಆಗ ಲೆಕ್ಕಕ್ಕೆ ಹಿಡಿದಿದ್ದು ಕೆಲವೇ ಬಗೆಯ ನ್ಯೂನತೆಗಳನ್ನು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದ ಮೇಲೆ ಪಟ್ಟಿ 21ಕ್ಕೆ ಏರಿತು. ಆಟಿಸಂ ಸೇರಿತು, ಕಲಿಕಾ ನ್ಯೂನತೆ ಸೇರಿತು. ಹಾಗಾಗಿ ಇದು ಯಾರದೋ ಮನೆ ಕಥೆ ಅನ್ಕೋಬೇಡಿ. ನಿಮ್ಮ ಬೀದಿಯಲ್ಲೇ ಇದೆ.

ಮೊದಲು 18 ವರ್ಷದ ವಿಷಯಕ್ಕೆ ಬರೋಣ. ಬಹಳ ತಂದೆತಾಯಿಗೆ ಇದು ಗೊತ್ತೇ ಇಲ್ಲ. ಮಗುವಿಗೆ 18 ತುಂಬೋವರೆಗೆ ಕಾನೂನಿನ ಕಣ್ಣಿನಲ್ಲಿ ನೀವು ಅದರ ಪೋಷಕರು. 18 ತುಂಬಿದ ಮರುದಿನ ಅವನು ವಯಸ್ಕ. ಅವನ ಪರವಾಗಿ ಸಹಿ ಹಾಕೋ ಅಧಿಕಾರ ನಿಮಗೆ ತಾನಾಗಿ ಉಳಿಯೋದಿಲ್ಲ. ಊಟ ತಿನ್ನಿಸೋರು ನೀವೇ, ಸ್ನಾನ ಮಾಡಿಸೋರು ನೀವೇ. ಆದರೆ ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಕೇಳ್ತಾರೆ: "ಖಾತೆದಾರರ ಸಹಿ ಎಲ್ಲಿ ಅಮ್ಮ? ನೀವು ಯಾರು?" ನೀವು ಯಾರು! ಹೆತ್ತ ತಾಯಿಗೆ ಈ ಪ್ರಶ್ನೆ. ಮ್ಯಾನೇಜರ್ ಕೆಟ್ಟವರಲ್ಲ. ಅವರಿಗೆ ಕಾಗದ ಬೇಕು.

ಆ ಕಾಗದ ಕೊಡೋಕೇ ಒಂದು ಕಾನೂನಿದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ನ್ಯೂನತೆ, ಈ ನಾಲ್ಕು ಇರೋರಿಗೆ ಇದು ಅನ್ವಯ. ಡೌನ್ ಸಿಂಡ್ರೋಮ್ ಇದ್ದು ಬೌದ್ಧಿಕ ನ್ಯೂನತೆ ಇರೋರೂ ಇದರಲ್ಲಿ ಬರ್ತಾರೆ. ಈ ಕಾಯ್ದೆ ಪ್ರಕಾರ ಸ್ಥಳೀಯ ಮಟ್ಟದ ಸಮಿತಿ ಅಂತ ಒಂದಿರಬೇಕು. ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಜೊತೆಗೆ ಒಬ್ಬ ವಿಕಲಚೇತನ ವ್ಯಕ್ತಿ. ತಂದೆತಾಯಿ ಅಥವಾ ಸಂಬಂಧಿಕರು ಇವರ ಮುಂದೆ ಅರ್ಜಿ ಹಾಕಿ, ತಮಗೆ ನಂಬಿಕೆ ಇರೋರನ್ನ ಕಾನೂನುಬದ್ಧ ಪೋಷಕರಾಗಿ ನೇಮಿಸಿ ಅಂತ ಕೇಳಬಹುದು. ವರ್ಷಗಟ್ಟಲೆ ಕೋರ್ಟ್ ಅಲೆದಾಟ ಬೇಡ. ಈ ಸಮಿತಿ ಕೊಡೋ ಪೋಷಕತ್ವದ ಪ್ರಮಾಣಪತ್ರ ನಂಬಿ ಖಾತೆ ತೆರೆಯಬಹುದು, ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ ಕೂಡ ಬ್ಯಾಂಕುಗಳಿಗೆ ಹೇಳಿದೆ.

ಇನ್ನೊಂದು ಮುಖ್ಯ ವಿಷಯ. ಪೋಷಕ ಅಂತ ಆದವನು ರಾಜನಲ್ಲ. ನೇಮಕವಾದ ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿ ಎಷ್ಟು, ಬರಬೇಕಾದ್ದೆಷ್ಟು, ಸಾಲವೆಷ್ಟು ಅಂತ ಪಟ್ಟಿ ಕೊಡಬೇಕು. ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳಲ್ಲಿ ಲೆಕ್ಕ ಒಪ್ಪಿಸಬೇಕು. ಹಿಂಸೆ ಕೊಟ್ಟರೆ, ನಿರ್ಲಕ್ಷ್ಯ ಮಾಡಿದರೆ, ಆಸ್ತಿ ನುಂಗಿದರೆ ಅವನನ್ನು ತೆಗೆದುಹಾಕೋಕೆ ಅವಕಾಶ ಇದೆ. ನನ್ನ ಮಾವನ ಮಗನಿಗೆ ಇಂಥದೊಂದು ವ್ಯವಸ್ಥೆ ಇದ್ದಿದ್ದರೆ ಅವನ ಪಾಲಿನ ತೆಂಗಿನ ತೋಟದ ಲೆಕ್ಕವನ್ನು ಯಾರಾದರೂ ಪ್ರತಿ ವರ್ಷ ಕೇಳ್ತಿದ್ರು.

ಹಾಗಂತ ಎಲ್ಲ ಮಕ್ಕಳಿಗೂ ಪೋಷಕರು ಬೇಕು ಅಂತಲ್ಲ. ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ಗಾಲಿಕುರ್ಚಿಯಲ್ಲಿರೋರಿಗೆ ಬುದ್ಧಿ ನಿಮ್ಮಷ್ಟೇ ಇದೆ, ಒಮ್ಮೊಮ್ಮೆ ನಿಮಗಿಂತ ಜಾಸ್ತಿನೇ ಇದೆ. ಅವರ ಸಹಿ ಅವರದ್ದೇ. ಸೌಮ್ಯ ಪ್ರಮಾಣದ ಬೌದ್ಧಿಕ ನ್ಯೂನತೆ ಇರೋರೂ ಎಷ್ಟೋ ತೀರ್ಮಾನ ತಾವೇ ತಗೋತಾರೆ. 2016ರ ಕಾಯ್ದೆಯ 14ನೇ ಸೆಕ್ಷನ್ ಇದನ್ನೇ ಸೀಮಿತ ಪೋಷಕತ್ವ ಅನ್ನುತ್ತೆ. ಪೋಷಕ ಮತ್ತು ಆ ವ್ಯಕ್ತಿ ಇಬ್ಬರೂ ಪರಸ್ಪರ ನಂಬಿಕೆಯಿಂದ ಕೂತು ಒಟ್ಟಿಗೆ ತೀರ್ಮಾನ ಮಾಡಬೇಕು, ಯಾವ ವಿಷಯಕ್ಕೆ ಬೇಕೋ ಆ ವಿಷಯಕ್ಕೆ, ಎಷ್ಟು ದಿನ ಬೇಕೋ ಅಷ್ಟು ದಿನ. ಅರ್ಜಿ ಹಾಕೋ ಮುಂಚೆ ನಿಮ್ಮ ಮಗನನ್ನು, ಮಗಳನ್ನು ಎದುರಿಗೆ ಕೂರಿಸಿಕೊಂಡು ಕೇಳಿ: "ನಿನಗೆ ಯಾರ ಜೊತೆ ಇರೋಕೆ ಇಷ್ಟ?" ಮಾತು ಬರದ ಮಗುವೂ ಉತ್ತರ ಕೊಡುತ್ತೆ. ಯಾರು ಮನೆಗೆ ಬಂದಾಗ ಓಡಿ ಬರುತ್ತೆ, ಯಾರು ಬಂದಾಗ ಒಳಗೆ ಹೋಗಿ ಬಚ್ಚಿಟ್ಟುಕೊಳ್ಳುತ್ತೆ ಅಂತ ನಿಮಗೆ ಗೊತ್ತಿಲ್ವಾ?

ಇನ್ನು ದುಡ್ಡು, ಆಸ್ತಿ.

ವಿಲ್ ಬರೆಯೋದು ಅಪಶಕುನ ಅಂತ ನಮ್ಮವರು ಅಂದ್ಕೊಂಡಿದ್ದಾರೆ. ವಿಲ್ ಬರೆದವರು ಬೇಗ ಸತ್ತಿದ್ದನ್ನ ನಾನು ನೋಡಿಲ್ಲ. ಬರೆಯದೆ ಸತ್ತವರ ಮಕ್ಕಳು ಕೋರ್ಟ್ ಅಲೆಯೋದನ್ನ ದಿನಾ ನೋಡ್ತೀನಿ. ವಿಲ್‌ಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೀವು ಸಹಿ ಹಾಕಬೇಕು, ಇಬ್ಬರು ಸಾಕ್ಷಿಗಳು ಬೇಕು. ಆಸ್ತಿಯಲ್ಲಿ ಪಾಲು ಪಡೆಯೋರನ್ನ ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯ ಅಲ್ಲ, ಆದರೆ ಮಾಡಿಸಿದರೆ ಒಳ್ಳೆಯದು.

ಆದರೆ ಬರೀ ವಿಲ್ ಸಾಲದು. ಸಹಿ ಹಾಕಲಾರದ ಮಗನ ಹೆಸರಿಗೆ ಮನೆ ಬರೆದುಬಿಟ್ಟರೆ ಬಾಡಿಗೆ ಯಾರು ವಸೂಲು ಮಾಡ್ತಾರೆ? ಕಂದಾಯ ಯಾರು ಕಟ್ತಾರೆ? ಅದಕ್ಕೆ ತಿಳಿದವರು ಖಾಸಗಿ ಟ್ರಸ್ಟ್ ಮಾಡ್ತಾರೆ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ. ಆಸ್ತಿ ಟ್ರಸ್ಟಿಗಳ ಕೈಯಲ್ಲಿ, ಅದರ ಫಲ ಮಗುವಿಗೆ. ಟ್ರಸ್ಟ್ ಅಂದರೆ ಕೋಟ್ಯಧಿಪತಿಗಳ ವ್ಯವಹಾರ ಅನ್ಕೋಬೇಡಿ. ಒಂದು ಸೈಟು, ಒಂದು ಡೆಪಾಸಿಟ್ ಇರೋರೂ ಮಾಡಬಹುದು. ಒಬ್ಬ ಒಳ್ಳೆಯ ವಕೀಲರ ಜೊತೆ ಒಂದು ದಿನ ಕೂತ್ಕೊಳ್ಳಿ. ಒಂದು ಎಚ್ಚರಿಕೆ ಮಾತ್ರ ಮರೀಬೇಡಿ. ಅನ್ನ ಹಾಕೋ ಕೈ ಬೇರೆ, ಕೀಲಿಕೈ ಇರೋ ಕೈ ಬೇರೆ ಇರಲಿ. ಮಗುವನ್ನು ನೋಡಿಕೊಳ್ಳೋರು ಒಬ್ಬರು, ದುಡ್ಡು ನೋಡಿಕೊಳ್ಳೋರು ಇನ್ನೊಬ್ಬರು. ಒಬ್ಬರ ಮೇಲೆ ಒಬ್ಬರ ಕಣ್ಣಿರುತ್ತೆ.

ಬ್ಯಾಂಕಿನಲ್ಲಿ ನಾಮಿನಿ ಹೆಸರು ಬರೆಸಿದ್ದೀನಿ, ಮುಗೀತು ಅಂತ ಬಹಳ ಜನ ಆರಾಮಾಗಿದ್ದಾರೆ. ಬ್ಯಾಂಕ್ ಠೇವಣಿಯ ನಾಮಿನಿ ಅಂದರೆ ಹಣವನ್ನು ಬ್ಯಾಂಕಿನಿಂದ ಪಡೆಯೋರು ಅಷ್ಟೇ, ಅದರ ಒಡೆಯರಲ್ಲ. ಹಣ ಯಾರಿಗೆ ಸೇರಬೇಕು ಅಂತ ವಿಲ್‌ನಲ್ಲಿ ಇರಬೇಕು.

ಹಳ್ಳಿಯಲ್ಲಿರೋ ರೈತ ಬಂಧುಗಳೇ, ನಿಮ್ಮ ಹತ್ತಿರ ಇದನ್ನು ಬಿಡಿಸಿ ಹೇಳಬೇಕು. ಮನೆ ಯಜಮಾನ ಸತ್ತ ಮೇಲೆ ಪೌತಿ ಖಾತೆ ಮಾಡಿಸೋಕೆ ವಂಶವೃಕ್ಷ ಕೇಳ್ತಾರಲ್ಲ, ಅಲ್ಲೇ ಈ ಮಕ್ಕಳ ಹೆಸರು ಬಿಟ್ಟುಹೋಗೋದು. "ಅವನ ಹೆಸರು ಯಾಕೆ, ಸುಮ್ನೆ ತೊಂದರೆ" ಅಂತಾರೆ. ಪಡಿತರ ಚೀಟಿಯಲ್ಲಿ ಹೆಸರಿದೆಯಾ, ಆಧಾರ್ ಆಗಿದೆಯಾ, ವಂಶವೃಕ್ಷದಲ್ಲಿ ಬರುತ್ತಾ, ನೀವು ಗಟ್ಟಿಯಾಗಿರುವಾಗಲೇ ನೋಡಿಕೊಳ್ಳಿ. ಕಾಗದದಲ್ಲಿ ಹೆಸರೇ ಇಲ್ಲದವನ ಪಾಲು ಕೇಳೋದು ಹೇಗೆ?

ಪಿಂಚಣಿ ವಿಷಯ. ಕೇಂದ್ರ ಸರ್ಕಾರಿ ನೌಕರರ ಮಗ ಅಥವಾ ಮಗಳು ನ್ಯೂನತೆಯಿಂದಾಗಿ ದುಡಿದು ತಿನ್ನಲಾರದ ಸ್ಥಿತಿಯಲ್ಲಿದ್ದರೆ, ತಂದೆತಾಯಿಯ ನಂತರ ಕುಟುಂಬ ಪಿಂಚಣಿ ಜೀವನಪೂರ್ತಿ ಸಿಗೋಕೆ ನಿಯಮ ಇದೆ. ಆದರೆ ಆ ಮಗುವಿನ ಹೆಸರು ನಿಮ್ಮ ಪಿಂಚಣಿ ದಾಖಲೆಯಲ್ಲಿ ಇರಬೇಕು. ರಾಜ್ಯ ಸರ್ಕಾರಿ ನೌಕರರೂ ನಾಳೆ ಕಚೇರಿಗೆ ಹೋದ ತಕ್ಷಣ ನಿಮ್ಮ ಸೇವಾ ದಾಖಲೆ ತೆಗೆಸಿ ನೋಡಿ. ಖಾಸಗಿ ಕಂಪನಿಯಲ್ಲಿ ಪಿಎಫ್ ಕಟ್ಟೋರಿಗೂ ಇದೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಬೇರೆ ಮಕ್ಕಳಿಗೆ 25 ವರ್ಷದವರೆಗೆ ಮಾತ್ರ ಪಿಂಚಣಿ. ಸಂಪೂರ್ಣ, ಶಾಶ್ವತ ನ್ಯೂನತೆ ಇರೋ ಮಗುವಿಗೆ ಆ ವಯಸ್ಸಿನ ಮಿತಿ ಇಲ್ಲ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡೋ ಅಕ್ಕತಂಗಿಯರೇ, ಇದು ನಿಮ್ಮ ಹಕ್ಕು.

ಆಸ್ಪತ್ರೆ ಖರ್ಚಿಗೆ ನಿರಾಮಯ ಅಂತ ಆರೋಗ್ಯ ವಿಮೆ ಇದೆ. ನಾನು ಹೇಳಿದ ಆ ನಾಲ್ಕು ನ್ಯೂನತೆ ಇರೋರಿಗೆ 1 ಲಕ್ಷ ರೂಪಾಯಿವರೆಗೆ. ವಿಮೆಗೆ ಮುಂಚೆ ವೈದ್ಯಕೀಯ ತಪಾಸಣೆಯ ಷರತ್ತಿಲ್ಲ. ಥೆರಪಿ ಖರ್ಚಿಗೂ ಅದರಲ್ಲಿ ಜಾಗ ಇದೆ.

ಈಗ ಶಾಲೆ. ಇದನ್ನು ಕೊನೆಗೆ ಇಟ್ಟುಕೊಂಡಿದ್ದು ಯಾಕೆ ಅಂದ್ರೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಆಸ್ತಿ ಇದೇ. ನನ್ನ ಮಾವನ ಮಗನಿಗೆ ತನ್ನ ಹೆಸರು ಬರೆಯೋಕೆ ಕಲಿಸಿದ್ದಿದ್ದರೆ, ನೂರು ರೂಪಾಯಿ ನೋಟು ಗುರುತಿಸೋಕೆ ಕಲಿಸಿದ್ದಿದ್ದರೆ, "ಬೇಡ" ಅನ್ನೋಕೆ ಕಲಿಸಿದ್ದಿದ್ದರೆ, ಅವತ್ತು ಆ ಹೆಬ್ಬೆಟ್ಟು ಅಷ್ಟು ಸುಲಭವಾಗಿ ಬೀಳ್ತಿತ್ತಾ?

ಎರಡು ವರ್ಷವಾದರೂ ಮಾತು ಬಂದಿಲ್ಲ, ಕರೆದರೆ ತಿರುಗಿ ನೋಡಲ್ಲ ಅಂದ್ರೆ "ಅವರಪ್ಪನೂ ಲೇಟಾಗಿ ಮಾತಾಡಿದ್ದು" ಅಂತ ಕಾಯಬೇಡಿ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಬರ್ತಾರೆ, ನಮ್ಮ ಮನೆ ಪಕ್ಕದಲ್ಲಿರೋದು ನಮಗೆ ಗೊತ್ತಿರಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ತಪಾಸಣೆ ಮಾಡಿಸಿ. ಪ್ರಮಾಣಪತ್ರ, ಯುಡಿಐಡಿ ಕಾರ್ಡ್ ಮಾಡಿಸಿ. ಕಾರ್ಡ್ ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಬೀಳುತ್ತೆ ಅಂತ ಎಷ್ಟೋ ಜನ ಹಿಂಜರಿತಾರೆ. ಹಣೆಪಟ್ಟಿಯನ್ನ ಊರು ಯಾವಾಗಲೋ ಹಚ್ಚಿಯಾಗಿದೆ. ಕಾರ್ಡಿಂದ ಸಿಗೋದು ಹಕ್ಕು. ಶೇಕಡ 40ಕ್ಕಿಂತ ಕಡಿಮೆ ಇಲ್ಲದ ನ್ಯೂನತೆ ಇದ್ದರೆ ಬಹುತೇಕ ಸೌಲಭ್ಯಗಳ ಬಾಗಿಲು ತೆರೆಯುತ್ತೆ.

ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಉಚಿತ ಶಿಕ್ಷಣ 6ರಿಂದ 14 ವರ್ಷ. ಈ ಮಕ್ಕಳಿಗೆ 2016ರ ಕಾಯ್ದೆ ಅದನ್ನು 18ರವರೆಗೆ ವಿಸ್ತರಿಸಿದೆ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಮಗುವಿನದು. ಶಾಲೆಯದಲ್ಲ. "ನಿಮ್ಮ ಮಗು ನಮ್ಮ ಸ್ಕೂಲಿಗೆ ಸೂಟ್ ಆಗಲ್ಲ, ಬೇರೆ ಪೇರೆಂಟ್ಸ್ ಕಂಪ್ಲೇಂಟ್ ಮಾಡ್ತಾರೆ" ಅಂತ ಹೇಳೋ ಶಾಲೆಗಳಿವೆ. ಜಗಳ ಮಾಡಬೇಡಿ, ಅಳಬೇಡಿ. ಒಂದೇ ಮಾತು ಹೇಳಿ: "ಇದನ್ನೇ ಬರೆದು ಕೊಡಿ ಸರ್." ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆ ತಾರತಮ್ಯ ಇಲ್ಲದೆ ಈ ಮಕ್ಕಳನ್ನು ಸೇರಿಸಿಕೊಳ್ಳಬೇಕು ಅನ್ನುತ್ತೆ ಕಾನೂನು. ದೂರು ಕೇಳೋಕೆ ರಾಜ್ಯದಲ್ಲಿ ವಿಕಲಚೇತನರ ಆಯುಕ್ತರಿದ್ದಾರೆ. ಸಾಕ್ಷಿಗಳನ್ನು ಕರೆಸೋಕೆ, ದಾಖಲೆ ತರಿಸೋಕೆ ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರ ಇದೆ.

ಸೀಟು ಸಿಕ್ಕಿತು ಅಂದ ಮಾತ್ರಕ್ಕೆ ಓದು ಸಿಕ್ಕಿತು ಅಂತಲ್ಲ. ಮಗುವನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಬಣ್ಣದ ಪೆನ್ಸಿಲ್ ಕೈಗೆ ಕೊಟ್ಟುಬಿಟ್ಟರೆ ಅದು ಶಿಕ್ಷಣ ಅಲ್ಲ. ಈ ವರ್ಷ ಇವಳು ಏನು ಕಲಿಯಬೇಕು, ಯಾರು ಕಲಿಸ್ತಾರೆ, ಯಾವಾಗ ಪರೀಕ್ಷಿಸ್ತೀರಿ ಅಂತ ಅವಳದ್ದೇ ಒಂದು ಕಲಿಕಾ ಯೋಜನೆ ಬರೆದುಕೊಡಿ ಅಂತ ಕೇಳಿ. ಸರ್ಕಾರಿ ಶಾಲೆಯಾದರೆ ಬ್ಲಾಕ್ ಮಟ್ಟದಲ್ಲಿ ಇಂಥ ಮಕ್ಕಳಿಗಾಗಿಯೇ ಸಂಪನ್ಮೂಲ ಶಿಕ್ಷಕರಿದ್ದಾರೆ. ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಶಿಕ್ಷಣ ಕೊಡೋ ವ್ಯವಸ್ಥೆಯೂ ಇದೆ. ಬಿಇಒ ಕಚೇರಿಯಲ್ಲಿ ಕೇಳಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡೋಕೆ ಒಬ್ಬರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ 2016ರ ಕಾಯ್ದೆಯಲ್ಲೇ ಇವೆ. ಆದರೆ ಪರೀಕ್ಷೆ ವಾರದಲ್ಲಿ ಓಡಾಡಿದರೆ ಸಿಗಲ್ಲ. ಎಂಟನೇ ಒಂಬತ್ತನೇ ಕ್ಲಾಸಿನಲ್ಲೇ ಕಾಗದ ಸಿದ್ಧ ಮಾಡಿಕೊಳ್ಳಿ. ಇಷ್ಟಾದರೂ ಎಸ್ಸೆಸ್ಸೆಲ್ಸಿಯ ಓಟಕ್ಕೆ ಮಗು ಹೊಂದಿಕೊಳ್ಳದಿದ್ದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. ಐದು ವರ್ಷದಲ್ಲಿ ಒಂಬತ್ತು ಅವಕಾಶ. ಒಂದೊಂದೇ ವಿಷಯ ಮುಗಿಸಿಕೊಂಡು ಹೋಗಬಹುದು.

ಸರ್ಕಾರಕ್ಕೂ ಎರಡು ಮಾತು. ಸಾಮಾನ್ಯ ಶಾಲೆಗಳ ವಿಷಯದಲ್ಲಿ ನಿಯಮ ಇದೆ: ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಅದರ ಮೇಲಿನ ಹಂತದಲ್ಲಿ 15ಕ್ಕೆ ಒಬ್ಬರು. ನಿಮ್ಮ ಊರ ಶಾಲೆಯಲ್ಲಿ ಇದ್ದಾರಾ? ನೀವೇ ಹೋಗಿ ನೋಡಿ ಬನ್ನಿ. ಸ್ಥಳೀಯ ಮಟ್ಟದ ಸಮಿತಿ ಕನಿಷ್ಠ ಮೂರು ತಿಂಗಳಿಗೊಮ್ಮೆ ಸೇರಬೇಕು ಅಂತ ಕಾಯ್ದೆ ಹೇಳುತ್ತೆ. ಜಿಲ್ಲಾಧಿಕಾರಿಗಳೇ, ಕೆಡಿಪಿ ಸಭೆ, ಪ್ರೋಟೋಕಾಲು, ನಿಮಗೆ ನೂರು ಕೆಲಸ ಇವೆ, ಒಪ್ಪಿದೆ. ಆದರೆ ನೀವು ಮುಂದೂಡೋ ಒಂದೊಂದು ಸಭೆಯೂ ಯಾವುದೋ ವಯಸ್ಸಾದ ತಂದೆಯ ಆಯಸ್ಸಿನ ಲೆಕ್ಕದಲ್ಲಿ ಕಳೆದುಹೋಗುತ್ತೆ. ದಕ್ಷಿಣ ಕನ್ನಡದ ಕೊಕ್ಕಡದಂಥ ಊರುಗಳಲ್ಲಿ ಎಂಡೋಸಲ್ಫಾನ್ ಪೀಡಿತ ಮಕ್ಕಳನ್ನು ಎತ್ತಿ ಇಳಿಸಿ ಬೆನ್ನು ಬಾಗಿದ ತಾಯಂದಿರಿದ್ದಾರೆ. ಅವರಿಗೆ ಮುಂದಿನ ತಿಂಗಳು ಬನ್ನಿ ಅನ್ನೋ ಮಾತನ್ನ ಎಷ್ಟು ಸಲ ಹೇಳ್ತೀರಿ?

ಇಷ್ಟೆಲ್ಲ ಕೇಳಿ ತಲೆ ತಿರುಗ್ತಿದೆಯಾ? ಹಾಗಾದ್ರೆ ಒಂದು ಫೈಲ್‌ನಿಂದ ಶುರು ಮಾಡಿ. ಹತ್ತು ಇಪ್ಪತ್ತು ರೂಪಾಯಿಯ ಫೈಲ್. ಅದರಲ್ಲಿ ಜನನ ಪ್ರಮಾಣಪತ್ರ, ಯುಡಿಐಡಿ, ಆಧಾರ್, ವೈದ್ಯರ ವರದಿಗಳು, ಶಾಲೆಯ ಕಾಗದ, ಪಾಸ್‌ಬುಕ್, ವಿಲ್‌ನ ಪ್ರತಿ ಇರಲಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರ್ತಾರೆ, ಅವರ ಸಹಾಯ ಕೇಳಿ.

ಮತ್ತೆ ಆ ಫೈಲ್‌ನ ಮೇಲೆ ಒಂದು ಪತ್ರ ಇಡಿ. ಇದನ್ನ ಯಾವ ವಕೀಲರೂ ಬರೆಯಲಾರರು. ನೀವೇ ಬರೀಬೇಕು. ಅವನಿಗೆ ಬಿಸಿ ಅನ್ನಕ್ಕೆ ಮೊಸರು ಕಲಸಿದರೆ ಇಷ್ಟ. ಕುಕ್ಕರ್ ಕೂಗಿದರೆ ಹೆದರ್ತಾನೆ, ಮೊದಲೇ ಹೇಳಿ. ರಾತ್ರಿ ದೀಪ ಪೂರ್ತಿ ಆರಿಸಬೇಡಿ. ಹೊಟ್ಟೆ ನೋವಾದರೆ ಹೇಳಲ್ಲ, ಕಿವಿ ಹಿಡ್ಕೋತಾನೆ. ಹೊಡೆಯಬೇಡಿ, ಹಾಡು ಹೇಳಿದರೆ ಸುಮ್ಮನಾಗ್ತಾನೆ. ಇದು ಇವತ್ತು ನಿಮ್ಮೊಬ್ಬರ ತಲೆಯಲ್ಲಿ ಮಾತ್ರ ಇದೆ. ನಾಳೆ ನಿಮ್ಮ ಜಾಗದಲ್ಲಿ ಬರೋರಿಗೆ ಇದು ಗೊತ್ತಾಗೋದು ಹೇಗೆ?

ಅಣ್ಣ ತಮ್ಮಂದಿರಿಗೆ, ಅಕ್ಕ ತಂಗಿಯರಿಗೆ ಒಂದು ಮಾತು. ತಂದೆತಾಯಿ ನಿಮ್ಮನ್ನು ಕೂರಿಸಿಕೊಂಡು ಕೇಳಿದಾಗ ಮುಜುಗರಕ್ಕೆ "ನಾನಿದ್ದೀನಲ್ಲ" ಅಂದುಬಿಡಬೇಡಿ. ಆಗುತ್ತೆ ಅಂದ್ರೆ ಆಗುತ್ತೆ ಅನ್ನಿ. ಪೂರ್ತಿ ಆಗಲ್ಲ, ತಿಂಗಳಿಗೆ ಇಷ್ಟು ದುಡ್ಡು ಕೊಡ್ತೀನಿ, ವಾರಕ್ಕೊಮ್ಮೆ ಬಂದು ನೋಡ್ತೀನಿ ಅಂದ್ರೂ ಸರಿ. ನಿಜ ಹೇಳಿದ್ರೆ ಅವರು ಬೇರೆ ವ್ಯವಸ್ಥೆ ಮಾಡಿಕೊಳ್ತಾರೆ. ಸುಳ್ಳು ಧೈರ್ಯ ಕೊಟ್ಟರೆ ಅವರು ನಂಬಿ ಕಣ್ಣು ಮುಚ್ಚುತ್ತಾರೆ. ಮತ್ತೆ ನೆಂಟರು, ಓದಿದವರು, ಸಾಕ್ಷಿ ಹಾಕೋಕೆ ಕರೆದಾಗ ಹೋಗೋರು, ಸಹಿ ಹಾಕೋ ಮುಂಚೆ ಆ ಹೆಬ್ಬೆಟ್ಟು ಯಾರದು ಅಂತ ನೋಡಿ. ಇದನ್ನ ಅನುಭವದಿಂದ ಹೇಳ್ತಿದ್ದೀನಿ.

ಆ ಹಾಸನದ ತಾಯಿಯ ನಂಬರ್ ನಮ್ಮ ಕಚೇರಿಯಲ್ಲಿತ್ತು. ಮೊನ್ನೆ ನಾನೇ ಫೋನ್ ಮಾಡಿದೆ. ಮೊದಲು ನಂಬಲಿಲ್ಲ, ಆಮೇಲೆ ಮಾತಾಡಿದ್ರು. ಸಮಿತಿ ವಿಷಯ, ಪ್ರಮಾಣಪತ್ರದ ವಿಷಯ ಎಲ್ಲ ಹೇಳಿದೆ. ಅವರು ಪೆನ್ನು ಹುಡುಕಿ ಬರ್ಕೊಂಡ್ರು. ಮಗನಿಗೆ 18 ತುಂಬೋಕೆ ಇನ್ನು ಏಳು ತಿಂಗಳಿದೆಯಂತೆ. ನಾದಿನಿಯ ಮಗಳು ಒಬ್ಬಳಿದ್ದಾಳೆ, ನರ್ಸಿಂಗ್ ಓದ್ತಾಳೆ, ಅವಳು ಬಂದ್ರೆ ಇವನು ಬಾಗಿಲಿಗೇ ಹೋಗಿ ನಿಲ್ತಾನೆ ಅಂದ್ರು. "ಅವಳನ್ನ ಕೇಳ್ಲಾ ಸರ್?" ಅಂದ್ರು. ಕೇಳಿ ಅಮ್ಮ ಅಂದೆ. ಏಳು ತಿಂಗಳಾದ ಮೇಲೆ ನಾನೇ ಮತ್ತೆ ಫೋನ್ ಮಾಡ್ತೀನಿ ಅಂತಲೂ ಹೇಳಿದ್ದೀನಿ. ನಿಮ್ಮೆಲ್ಲರ ಎದುರಿಗೆ ಹೇಳ್ತಿರೋದು ಯಾಕೆ ಅಂದ್ರೆ, ಆಮೇಲೆ ನಾನು ಮರೆತರೆ ನೀವು ಕೇಳಬೇಕು.

ನನ್ನ ಮಾವನ ಮಗನನ್ನು ಹೋದ ಭಾನುವಾರ ನೋಡಿ ಬಂದೆ. ಈಗ ತಲೆ ಬೆಳ್ಳಗಾಗಿದೆ. ನನ್ನ ಗುರುತು ಹಿಡಿದು ನಕ್ಕ. ಅವನಿಗೆ ನನ್ನ ಮೇಲೆ ಯಾವ ದೂರೂ ಇಲ್ಲ, ದೂರು ಏನು ಅಂತಲೇ ಅವನಿಗೆ ಗೊತ್ತಿಲ್ಲ. ಅವನ ತಂಗಿಯೂ ನಾನೂ ಕೂತು, ಅವಳನ್ನೇ ಅವನ ಕಾನೂನುಬದ್ಧ ಪೋಷಕಿ ಮಾಡೋಕೆ ಅರ್ಜಿ ತುಂಬಿದೆವು. ಹೋದ ತೋಟ ಇಷ್ಟು ವರ್ಷಕ್ಕೆ ವಾಪಸ್ ಬರಲ್ಲ. ಇರೋ ದಿನಕ್ಕಾದರೂ ಅವನ ಹೆಸರಲ್ಲಿ ಕೇಳೋಕೆ ಒಬ್ಬರು ಇರಲಿ ಅಂತ. ಈ ಸಲ ಅರ್ಜಿಯ ಪ್ರತಿಯೊಂದು ಸಾಲನ್ನೂ ಅವನಿಗೆ ಓದಿ ಹೇಳಿದ ಮೇಲೇ ನಾನು ಪೆನ್ನು ಎತ್ತಿದ್ದು.

ನಾಳೆ ಬೆಳಗ್ಗೆ ಒಂದು ಫೈಲ್ ತಗೊಳ್ಳಿ.